ಎತ್ತಿದ್ದು ಎತ್ತಿದ್ದೇ ಅಲ್ಲವೇ?

ಓದುಗರ ಪತ್ರ: "ನನ್ನ ಮಗಳಿಗೆ ಹದಿನೈದು ವರ್ಷ. ಮೊನ್ನೆಯ ವೇಟ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ 42 ಕೆ.ಜಿ. ಸ್ನ್ಯಾಚ್ (ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ಒಯ್ಯುವ ಎತ್ತು) ಅನ್ನು ಮೂರು ಸಲವೂ ತಲೆಯ ಮೇಲೆ ಹಿಡಿದು ನಿಂತಳು. ಒಮ್ಮೆಯೂ ಬೀಳಿಸಲಿಲ್ಲ. ಆದರೂ ಮೂರಕ್ಕೂ ತಪ್ಪು ಎಂಬ ಕೆಂಪು ದೀಪ. ಮೊಣಕೈ ಮಡಿಸಿ ಆಮೇಲೆ ನೂಕಿದಳು ಅಂದರಂತೆ. ನನ್ನ ಸೋದರಮಾವ ಗರಡಿಯಲ್ಲಿ ಭಾರವನ್ನು ನೂಕಿಯೇ ಮೇಲಕ್ಕೆ ಒಯ್ಯುತ್ತಿದ್ದರು. ಹಿಂದೆ ಒಲಿಂಪಿಕ್ಸ್‌ನಲ್ಲೂ ಅದಕ್ಕೆ ಪದಕ ಇತ್ತಂತೆ. ಎತ್ತಿದ್ದು ಎತ್ತಿದ್ದೇ ಅಲ್ಲವೇ? ಈ ನಿಯಮ ಎಲ್ಲಿಂದ ಬಂತು?" – ಹೆಸರು ಬೇಡವೆಂದ ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಸಂಪಾದಕರ ಉತ್ತರ:

ಮಾನ್ಯರೇ,

ನೀವು ಕೇಳಿದ್ದು ನಿಮ್ಮ ಮಗಳ ಮೂರು ಕೆಂಪು ದೀಪಗಳ ವಿಷಯ. ಆದರೆ ಈ ಆಟದ ನೂರಮೂವತ್ತು ವರ್ಷಗಳ ಜಗಳವೂ ಇದೇ. ಎಷ್ಟು ಭಾರ ಎತ್ತಿದರು ಎನ್ನುವುದನ್ನು ತಕ್ಕಡಿ ಹೇಳಿಬಿಡುತ್ತದೆ. ಎತ್ತಿದರೋ ಇಲ್ಲವೋ ಎನ್ನುವುದನ್ನು ಮಾತ್ರ ಮನುಷ್ಯರೇ ಹೇಳಬೇಕು.

1891ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆಯಿತು. ಗೆದ್ದವನು ಇಂಗ್ಲೆಂಡಿನ ಎಡ್ವರ್ಡ್ ಲಾರೆನ್ಸ್ ಲೆವಿ. ನಿಮ್ಮ ಪ್ರಶ್ನೆ ನೇರವಾಗಿ ಎದ್ದುನಿಂತದ್ದು 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ. ಅಲ್ಲಿ ದೇಹತೂಕದ ವಿಭಾಗಗಳೇ ಇರಲಿಲ್ಲ. ಒಂದು ಕೈಯಲ್ಲಿ ಎತ್ತುವುದು, ಎರಡು ಕೈಯಲ್ಲಿ ಎತ್ತುವುದು, ಇಷ್ಟೇ ಸ್ಪರ್ಧೆ. ಎರಡು ಕೈಯದರಲ್ಲಿ ಡೆನ್ಮಾರ್ಕಿನ ವಿಗ್ಗೊ ಜೆನ್ಸನ್ ಮತ್ತು ಬ್ರಿಟನ್ನಿನ ಲಾನ್ಸೆಸ್ಟನ್ ಎಲಿಯಟ್ ಇಬ್ಬರೂ 111.5 ಕೆ.ಜಿ. ಎತ್ತಿದರು. ಎಲಿಯಟ್ ಎತ್ತುವಾಗ ಕಾಲು ಕದಲಿಸಿದ್ದ. ಜೆನ್ಸನ್ ಎತ್ತಿದ ರೀತಿ ಹೆಚ್ಚು ಅಚ್ಚುಕಟ್ಟು ಎಂದು ಅವನನ್ನು ಗೆಲ್ಲಿಸಿದರು. ಒಂದು ಕೈಯ ಸ್ಪರ್ಧೆಯಲ್ಲಿ ಎಲಿಯಟ್ 71 ಕೆ.ಜಿ. ಎತ್ತಿ ಗೆದ್ದ. ಅಂದರೆ ಮೊದಲ ಒಲಿಂಪಿಕ್ಸ್‌ನಲ್ಲೇ 'ಎತ್ತಿದ್ದು ಎತ್ತಿದ್ದೇ' ಎಂಬ ವಾದ ಸೋತಿತ್ತು.

ಆಗಿನ ಯುರೋಪಿನಲ್ಲಿ ಭಾರವನ್ನು ಹೆಗಲಿಗೆ ತರುವುದಕ್ಕೇ ಎರಡು ಪಂಥಗಳಿದ್ದವು. ನಮ್ಮ ಕಡೆ ಗುಂಡುಕಲ್ಲು ಎತ್ತುವುದನ್ನು ನೀವು ನೋಡಿಯೇ ಇರುತ್ತೀರಿ: ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ. ನಡುವೆ ಹೊಟ್ಟೆಗೆ ಆನಿಸಿಕೊಂಡು ಉಸಿರು ತೆಗೆದುಕೊಂಡರೂ ಯಾರೂ ಬೇಡ ಅನ್ನುವುದಿಲ್ಲ. ಜರ್ಮನಿ, ಆಸ್ಟ್ರಿಯಾದವರು ಎರಡು ತುದಿಗೂ ಭಾರ ಸಿಕ್ಕಿಸಿದ ಬಾರ್ (ಸರಳು) ಅನ್ನೂ ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಿದ್ದರು. ಅದಕ್ಕೆ 'ಕಾಂಟಿನೆಂಟಲ್' ಎಂದು ಹೆಸರು. ಇನ್ನೊಂದು ಪಂಥದವರದು, ಮೈಗೆ ಎಲ್ಲೂ ತಾಗದೆ ಒಂದೇ ಎಳೆತದಲ್ಲಿ ಹೆಗಲಿಗೆ ಬಂದರೆ ಮಾತ್ರ 'ಕ್ಲೀನ್' ಎಂಬ ಹಠ. ಭಾರವನ್ನು ಮೊದಲು ಹೆಗಲಿಗೆ ತಂದು, ಆಮೇಲೆ ಮಂಡಿ ಆಡಿಸಿ ತಲೆಯ ಮೇಲಕ್ಕೆ ಚಿಮ್ಮಿಸುವ ಕ್ಲೀನ್ ಅಂಡ್ ಜರ್ಕ್ ಎಂಬ ಹೆಸರಿನಲ್ಲಿ ಇವತ್ತಿಗೂ ಕೂತಿರುವ ಆ 'ಕ್ಲೀನ್' ಇದೇ. ಬಾರ್ ತೊಡೆಗೆ ಸವರಿಕೊಂಡು ಹೋಗಬಹುದು ಎಂಬ ರಿಯಾಯಿತಿ ಬಂದದ್ದು 1960ರ ದಶಕದಲ್ಲಿ. ಈಗ ಯಾವ ಕೋಚ್ ಕೂಡ 'ಬಾರ್ ಮೈಗೆ ಹತ್ತಿರ ಇರಲಿ' ಎಂದೇ ಕೂಗುವುದು.

1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಐದು ದೇಹತೂಕದ ವಿಭಾಗಗಳು ಬಂದವು. 1924ರ ಪ್ಯಾರಿಸ್‌ನಲ್ಲಿ ಐದು ಬಗೆಯ ಎತ್ತು, ಅದರಲ್ಲಿ ಎರಡು ಒಂಟಿ ಕೈಯವು. 1928ರ ಆಮ್‌ಸ್ಟರ್‌ಡ್ಯಾಮ್ ಹೊತ್ತಿಗೆ ಒಂಟಿ ಕೈಯವನ್ನು ಕೈಬಿಟ್ಟು ಮೂರನ್ನು ಉಳಿಸಿಕೊಂಡರು: ಪ್ರೆಸ್, ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್. ಈ ಮೂರರ ಮೊತ್ತವೇ 1972ರವರೆಗೆ ಪದಕ ನಿರ್ಧರಿಸಿತು.

ನಿಮ್ಮ ಸೋದರಮಾವ ಮಾಡುತ್ತಿದ್ದದ್ದು ಈ ಪ್ರೆಸ್. ಭಾರವನ್ನು ಹೆಗಲಿಗೆ ತಂದು ನೆಟ್ಟಗೆ ನಿಲ್ಲಬೇಕು. ರೆಫರಿ ಸನ್ನೆ ಕೊಟ್ಟ ಮೇಲೆ ಮಂಡಿ ಮಡಿಸದೆ, ಬೆನ್ನು ಬಾಗಿಸದೆ, ತೋಳಿನ ಬಲದಿಂದಲೇ ಮೇಲಕ್ಕೆ ನೂಕಬೇಕು. ಓದಲಿಕ್ಕೆ ಇದಕ್ಕಿಂತ ಸರಳವಾದ ನಿಯಮ ಇಲ್ಲ. ವೇದಿಕೆಯ ಮೇಲೆ ಮಾತ್ರ ಅದು ಹಾಳಾಗುತ್ತ ಹೋಯಿತು. ಸೊಂಟವನ್ನು ಚೂರು ಮುಂದಕ್ಕೆ ತಳ್ಳಿ ಸಡನ್ನಾಗಿ ಹಿಂದಕ್ಕೆ ವಾಲಿದರೆ ಹೆಗಲಿನ ಕೆಲಸವನ್ನು ಎದೆ ಹಂಚಿಕೊಳ್ಳುತ್ತದೆ, ಬಾರ್ ಚಿಮ್ಮುತ್ತದೆ. ಎಷ್ಟು ವಾಲಿದರೆ ತಪ್ಪು? ಡಿಗ್ರಿ ಅಳೆಯುವ ಸಾಧನ ರೆಫರಿಯ ಕೈಯಲ್ಲಿ ಇರಲಿಲ್ಲ. ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಬಿಡುತ್ತಿರಲಿಲ್ಲ. ಬಿಟ್ಟವನ ಮುಂದೆ ಎಲ್ಲರೂ ವಾಲತೊಡಗಿದರು. ಕಡೆಕಡೆಗೆ, ಬೆಂಚಿನ ಮೇಲೆ ಮಲಗಿ ನೂಕುವ ಬದಲು ನಿಂತುಕೊಂಡೇ ಮಾಡುವ ಬೆಂಚ್ ಪ್ರೆಸ್‌ನಂತಾಯಿತು. ಕೆಳಬೆನ್ನಿಗೆ ಅಪಾಯ ಎಂಬ ದೂರೂ ಸೇರಿಕೊಂಡಿತು. 1972ರ ಮ್ಯೂನಿಕ್ ಒಲಿಂಪಿಕ್ಸ್ ಮುಗಿದ ಮೇಲೆ ಪ್ರೆಸ್ ಅನ್ನೇ ತೆಗೆದುಹಾಕಿದರು. ಅದು ಸುಲಭವಾಗಿತ್ತೆಂದು ತೆಗೆದದ್ದಲ್ಲ, ತೀರ್ಪು ಕೊಡಲು ಆಗುತ್ತಿಲ್ಲವೆಂದು ತೆಗೆದದ್ದು.

ಹಳೆಯ ದಾಖಲೆಗಳನ್ನು ನೋಡುವವರು ಇಲ್ಲಿ ಎಡವುತ್ತಾರೆ. ಸೋವಿಯತ್ ಒಕ್ಕೂಟದ ವಾಸಿಲಿ ಅಲೆಕ್ಸೆಯೆವ್ ಮ್ಯೂನಿಕ್‌ನಲ್ಲಿ 640 ಕೆ.ಜಿ.ಗೆ ಚಿನ್ನ ಗೆದ್ದ, 1976ರ ಮಾಂಟ್ರಿಯಲ್‌ನಲ್ಲಿ 440ಕ್ಕೆ. ನಾಲ್ಕು ವರ್ಷದಲ್ಲಿ ಅವನ ಬಲ ಇಳಿದಿರಲಿಲ್ಲ. 640ರಲ್ಲಿ 235 ಕೆ.ಜಿ. ಪ್ರೆಸ್‌ನದು. 440ರಲ್ಲಿ ಇದ್ದದ್ದು 185ರ ಸ್ನ್ಯಾಚ್, 255ರ ಜರ್ಕ್.

ಈಗ ನಿಮ್ಮ ಮಗಳ ಮೊಣಕೈಗೆ ಬರೋಣ. ಮೂರು ಬಗೆಯ ಎತ್ತು ಇದ್ದ ಕಾಲದಲ್ಲಿ ಒಂದರಲ್ಲಿ ಇನ್ನೊಂದನ್ನು ಬೆರೆಸುವಂತಿರಲಿಲ್ಲ. ಪ್ರೆಸ್‌ನಲ್ಲಿ ಮಂಡಿ ಆಡಿಸಿದರೆ ಅದು ಜರ್ಕ್ ಆಗುತ್ತದೆ. ಸ್ನ್ಯಾಚ್‌ನಲ್ಲೋ ಜರ್ಕ್‌ನಲ್ಲೋ ಕೊನೆಗೆ ತೋಳಿನಿಂದ ನೂಕಿದರೆ ಅದು ಪ್ರೆಸ್ ಆಗುತ್ತದೆ. ಹಾಗಾಗಿ ಎರಡೂ ತಪ್ಪು. ಪ್ರೆಸ್ ಹೋಯಿತು, 'ಪ್ರೆಸ್ ಔಟ್' ಎಂಬ ತಪ್ಪು ಉಳಿಯಿತು. ಬೇಲಿ ಕಾಯುತ್ತಿದ್ದ ಹೊಲವೇ ಇಲ್ಲದಿದ್ದರೂ ಬೇಲಿ ಹಾಗೇ ಇದೆ ಎಂದು ವಾದಿಸುವವರಿದ್ದಾರೆ, ಅವರ ಮಾತು ತೀರಾ ತೆಗೆದುಹಾಕುವಂಥದ್ದೂ ಅಲ್ಲ. ಆದರೂ ಬೇಲಿ ಇರಲಿ ಎನ್ನುವುದೇ ನಮ್ಮ ಅಭಿಪ್ರಾಯ. ಸ್ನ್ಯಾಚ್ ಎಂದರೆ ಭಾರವನ್ನು ಮೇಲಕ್ಕೆ ಎಳೆದು, ಅದು ಇಳಿಯುವುದರೊಳಗೆ ತಾನು ಅದರ ಕೆಳಗೆ ಕೂತು, ನೆಟ್ಟ ತೋಳಿನಲ್ಲಿ ಹಿಡಿಯುವುದು. ಆ ಚುರುಕು ಬೇಕಿಲ್ಲ, ಹೇಗೋ ನೂಕಿದರೆ ಸಾಕು ಎಂದರೆ ಅದು ಬೇರೆಯೇ ಆಟ. ದಾವಣಗೆರೆಯಲ್ಲಿ ಪವರ್‌ಲಿಫ್ಟಿಂಗ್ ಬಲ್ಲವರು ಬಹಳ. ಅಲ್ಲಿ ಬೆಂಚ್ ಪ್ರೆಸ್ ಎಷ್ಟು ನಿಧಾನವಾಗಿ ಮುಗಿದರೂ ನಡೆಯುತ್ತದೆ. ಆ ಕಣ್ಣಿನಿಂದ ನೋಡಿದರೆ ನಿಮ್ಮ ಮಗಳು ಮಾಡಿದ್ದು ಸರಿಯಾಗಿಯೇ ಕಾಣುತ್ತದೆ.

ನಿಯಮ ಹೇಳುವುದು ಇಷ್ಟು: ಕುಳಿತು ಅತ್ಯಂತ ಕೆಳಮಟ್ಟ ತಲುಪಿದ ಮೇಲೂ ತೋಳು ಚಾಚುವುದು ಮುಂದುವರಿದರೆ ತಪ್ಪು. ಮೇಲೇಳುವಾಗ ಮೊಣಕೈ ಮಡಿದು ಮತ್ತೆ ನೆಟ್ಟಗಾದರೆ ಅದೂ ತಪ್ಪು, ಬೇರೆ ತಪ್ಪು. ಮೂವರು ರೆಫರಿಗಳಲ್ಲಿ ಇಬ್ಬರು ಕೆಂಪು ಒತ್ತಿದರೆ ಮುಗಿಯಿತು. ಇವೆರಡರಲ್ಲಿ ಯಾವುದು ನಡೆದದ್ದು ಎಂದು ಮೊದಲು ಕೋಚ್ ಹತ್ತಿರ ಕೇಳಿ, ಏಕೆಂದರೆ ಮದ್ದು ಬೇರೆ ಬೇರೆ.

ಮೊದಲನೆಯದಕ್ಕೆ ಸಾಮಾನ್ಯ ಕಾರಣ, ಎಳೆದ ಮೇಲೆ ಭಾರದ ಕೆಳಗೆ ಹೋಗುವುದು ತಡವಾಗುವುದು. ನೆಲದಿಂದ ಎಳೆಯುವಾಗಲೇ ತೋಳು ಮಡಿಸುವ ಅಭ್ಯಾಸ ಇದ್ದರೆ ಸೊಂಟದ ಬಲ ಬಾರ್‌ಗೆ ಪೂರ್ತಿ ಮುಟ್ಟುವುದಿಲ್ಲ, ಬಾರ್ ಮುಂದಕ್ಕೆ ಹೋಗುತ್ತದೆ, ಆಮೇಲೆ ಅದನ್ನು ತೋಳಿನಿಂದಲೇ ಸರಿಪಡಿಸಬೇಕಾಗುತ್ತದೆ. ಹಿಡಿತದ ಅಗಲವನ್ನೂ ನೋಡಿ. ತೋಳು ಇಳಿಬಿಟ್ಟು ನೆಟ್ಟಗೆ ನಿಂತಾಗ ಬಾರ್ ತೊಡೆಸಂದಿಯ ಮಡಿಕೆಗೆ ಬರಬೇಕು. ನಡು ತೊಡೆಗೆ ಬಂದರೆ ಹಿಡಿತ ಕಿರಿದಾಗಿದೆ ಎಂದರ್ಥ. ಎರಡನೆಯದಕ್ಕೆ ಕಾರಣ ಹೆಚ್ಚಾಗಿ ಹೆಗಲಿನ ಬಿಗಿತ. ಕೋಲು ಹಿಡಿದು, ಆಮೇಲೆ ಖಾಲಿ ಬಾರ್ ಹಿಡಿದು, ತಲೆಯ ಮೇಲೆ ಎತ್ತಿಕೊಂಡೇ ಪೂರ್ತಿ ಬೈಠಕ್‌ಗೆ ಇಳಿದು ಮೂರು ಎಣಿಸುವವರೆಗೆ ಕೂರುವುದು ಹಳೆಯ ಮದ್ದು, ಈಗಲೂ ಅದಕ್ಕಿಂತ ಒಳ್ಳೆಯದಿಲ್ಲ. ಕೆಲವರ ಮೊಣಕೈ ಹುಟ್ಟಿನಿಂದಲೇ ಪೂರ್ತಿ ನೆಟ್ಟಗಾಗುವುದಿಲ್ಲ. ಹಾಗಿದ್ದರೆ ಸ್ಪರ್ಧೆ ಶುರುವಾಗುವ ಮುಂಚೆಯೇ ರೆಫರಿಗಳಿಗೆ ತೋಳು ತೋರಿಸಬೇಕು. ದೀಪ ಕೆಂಪಾದ ಮೇಲೆ ಹೇಳಿದರೆ ಪ್ರಯೋಜನವಿಲ್ಲ.

ಅಭ್ಯಾಸದ ಬಾರ್ ಯಾವುದು ಎಂದೂ ವಿಚಾರಿಸಿ. ಹೆಂಗಸರ ಬಾರ್ 15 ಕೆ.ಜಿ., ದಪ್ಪ 25 ಮಿ.ಮೀ. ಗಂಡಸರದು 20 ಕೆ.ಜಿ., 28 ಮಿ.ಮೀ. ಚಿಕ್ಕ ಕೈಗೆ ದಪ್ಪ ಬಾರ್ ಕೊಟ್ಟರೆ ಹೆಬ್ಬೆರಳನ್ನು ಬೆರಳುಗಳ ಒಳಗೆ ಸೇರಿಸಿ ಹಿಡಿಯುವ ಹುಕ್ ಹಿಡಿತ ಕೂರುವುದಿಲ್ಲ, ಹಿಡಿತದ ಭಯಕ್ಕೆ ತೋಳು ಮೊದಲೇ ಬಿಗಿಯುತ್ತದೆ. ಪ್ಲೇಟು ಸಿಕ್ಕಿಸುವ ತುದಿಗಳು ಬಾರ್‌ನಿಂದ ಸ್ವತಂತ್ರವಾಗಿ ತಿರುಗಬೇಕು. ತಿರುಗದಿದ್ದರೆ ಮಣಿಕಟ್ಟು ಮಗುಚುವ ಕ್ಷಣದಲ್ಲಿ ಪ್ಲೇಟುಗಳ ಭಾರವೂ ಅದರ ಜೊತೆ ಸುತ್ತಿ ಕೈಯನ್ನು ತಿರುಚುತ್ತದೆ. ಸಾಮಾನ್ಯ ಜಿಮ್ಮಿನ ಬಾರ್‌ಗಳ ದೊಡ್ಡ ದೋಷ ಇದೇ. (ಬೆಣ್ಣೆ ದೋಸೆಯ ಊರಿನವರಿಗೆ ಒಂದು ವಿಷಯ: 1963ರ ಸ್ಟಾಕ್‌ಹೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಾಗದೆ, ಮುರಿಯದೆ ಉಳಿದು ಹೆಸರು ಮಾಡಿದ ಬಾರ್ ತಯಾರಿಸಿದ ಸ್ವೀಡನ್ನಿನ ಎಲೈಕೊ ಕಂಪನಿ, ಮೊದಲು ವಾಫಲ್ ಸುಡುವ ಹೆಂಚು ಮಾಡುತ್ತಿತ್ತು.)

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆದದ್ದು ಬಹುಶಃ ಎತ್ತಲಿರುವ ಭಾರವನ್ನು ಬರೆದುಕೊಡುವ ಚೀಟಿಯಲ್ಲಿ. ಮೊದಲ ಯತ್ನಕ್ಕೇ 42 ಬರೆಸಿದ್ದೀರಿ. ಒಮ್ಮೆ ಬರೆಸಿ ವೇದಿಕೆಗೆ ಹೋದ ಮೇಲೆ ಭಾರ ಇಳಿಸಲು ಬರುವುದಿಲ್ಲ. ಅಷ್ಟನ್ನೇ ಮತ್ತೆ ಎತ್ತಬೇಕು, ಇಲ್ಲವೇ ಏರಿಸಬೇಕು. ದಣಿದ ತೋಳಿಗೆ ಅದೇ 42 ಎರಡನೇ ಸಲ ಇನ್ನಷ್ಟು ಭಾರ. ಮೂರೂ ಸ್ನ್ಯಾಚ್ ಹೋದರೆ, ಸ್ನ್ಯಾಚ್ ಮತ್ತು ಜರ್ಕ್ ಸೇರಿಸಿ ಲೆಕ್ಕ ಹಾಕುವ ಮೊತ್ತವೇ ಇಲ್ಲ. ದೊಡ್ಡವರಿಗೂ ಇದು ತಪ್ಪಿದ್ದಲ್ಲ: 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೀರಾಬಾಯಿ ಚಾನು ಅವರ ಮೂರೂ ಕ್ಲೀನ್ ಅಂಡ್ ಜರ್ಕ್ ವಿಫಲವಾಗಿ ಮೊತ್ತವಿಲ್ಲದೆ ಹೊರಬಂದರು. ಟೋಕಿಯೊದಲ್ಲಿ 87 ಮತ್ತು 115, ಒಟ್ಟು 202 ಕೆ.ಜಿ.ಗೆ ಬೆಳ್ಳಿ.

ಹೆಣ್ಣುಮಕ್ಕಳಿಗೆ ಈ ವೇದಿಕೆ ಸಿಕ್ಕಿದ್ದೇ ತಡವಾಗಿ. ಮೊದಲ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ 1987ರಲ್ಲಿ ಅಮೆರಿಕದ ಡೇಟೋನಾ ಬೀಚ್‌ನಲ್ಲಿ, ಒಲಿಂಪಿಕ್ಸ್ ಪ್ರವೇಶ 2000ದ ಸಿಡ್ನಿಯಲ್ಲಿ. ಆ ಸಿಡ್ನಿಯ 69 ಕೆ.ಜಿ. ವಿಭಾಗವನ್ನು ಮಗಳಿಗೆ ಬಿಡಿಸಿ ಹೇಳಿ. ಚೀನಾದ ಲಿನ್ ವೈನಿಂಗ್ ಮತ್ತು ಹಂಗೆರಿಯ ಎರ್ಜೆಬೆಟ್ ಮಾರ್ಕುಸ್ ಇಬ್ಬರದೂ 242.5. ದೇಹತೂಕ ಕಡಿಮೆ ಇದ್ದ ಲಿನ್‌ಗೆ ಚಿನ್ನ. ನಮ್ಮ ಕರ್ಣಂ ಮಲ್ಲೇಶ್ವರಿ 110 ಸ್ನ್ಯಾಚ್, 130 ಜರ್ಕ್, ಒಟ್ಟು 240ರಲ್ಲಿ ನಿಂತಿದ್ದರು. ಕೊನೆಯ ಯತ್ನಕ್ಕೆ ಚಿನ್ನದ ಲೆಕ್ಕ ಹಾಕಿ 137.5 ಕೇಳಿದರು, ಆಗಲಿಲ್ಲ, ಕಂಚು ಬಂತು. ಆಗ ಭಾರ ಏರಿಸುವುದು 2.5 ಕೆ.ಜಿ. ಲೆಕ್ಕದಲ್ಲಿ. 2005ರಿಂದ ಒಂದೊಂದೇ ಕೆ.ಜಿ. ಏರಿಸಬಹುದು. ಸಮನಾದರೆ ದೇಹತೂಕ ನೋಡುವ ಪದ್ಧತಿಯೂ ಈಗಿಲ್ಲ, ಆ ಮೊತ್ತವನ್ನು ಮೊದಲು ಮುಟ್ಟಿದವರು ಮೇಲೆ. ಚೀಟಿಯಲ್ಲಿ ಏನು ಬರೆಯುತ್ತೀರಿ ಎನ್ನುವುದಕ್ಕೆ ಇದರಿಂದ ಇನ್ನಷ್ಟು ಬೆಲೆ ಬಂದಿದೆ.

ಬಿಳಿ ದೀಪ ಬಿದ್ದ ಮೇಲೂ ಎತ್ತಿದ್ದು ಎತ್ತಿದ್ದಲ್ಲ ಎಂದು ಆಗುವುದುಂಟು. 2012ರ ಲಂಡನ್ ಒಲಿಂಪಿಕ್ಸ್‌ನ ಪುರುಷರ 94 ಕೆ.ಜಿ. ವಿಭಾಗದ ಮಾದರಿಗಳನ್ನು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ ಉದ್ದೀಪನ ಮದ್ದು ಸಿಕ್ಕಿ ಮೊದಲ ನಾಲ್ವರೂ, ಅವರ ಹಿಂದಿನ ಕೆಲವರೂ ಅನರ್ಹರಾದರು. ಅಂದು ಐದನೆಯವನಾಗಿದ್ದ ಇರಾನಿನ ಸಯೀದ್ ಮೊಹಮ್ಮದ್‌ಪೂರ್‌ಗೆ ಚಿನ್ನ ಸಿಕ್ಕಿತು, ಒಂಬತ್ತನೆಯವನಿಗೆ ಕಂಚು. ಜಿಮ್ಮಿನಲ್ಲಿ ಯಾರಾದರೂ ಮಗಳಿಗೆ ಹೆಸರಿಲ್ಲದ ಪುಡಿಯ ಡಬ್ಬಿ ಕೊಟ್ಟರೆ ಮುಟ್ಟಬೇಡ ಎನ್ನಿ.

ಮುಂದಿನ ಸ್ಪರ್ಧೆಗೆ 38ರಿಂದ ಶುರು ಮಾಡಿಸಿ. ಅಭ್ಯಾಸದಲ್ಲಿ ಹತ್ತಕ್ಕೆ ಹತ್ತು ಸಲ ನೆಟ್ಟ ತೋಳಿನಲ್ಲಿ ಹಿಡಿಯುವ ಭಾರವೇ ಮೊದಲ ಯತ್ನದ ಭಾರ. 15ರ ಬಾರ್, ಪ್ಲೇಟು ಜಾರದಂತೆ ಬಿಗಿಯುವ ಎರಡೂವರೆಯ ಎರಡು ಕಾಲರ್, ಅಲ್ಲಿಗೆ 20. ಉಳಿದ 18ಕ್ಕೆ ಒಂದೊಂದು ಬದಿಗೆ ಬಿಳಿಯ 5, ಕೆಂಪಿನ 2.5, ಹಳದಿಯ 1.5. ಮೂರು ಬಿಳಿ ದೀಪ ಬಿದ್ದರೆ 40, ಆಮೇಲೆ 42. ರೆಫರಿಯ ಸನ್ನೆ ಬರುವ ಮುಂಚೆ ಇಳಿಸಬಾರದು, ಸನ್ನೆ ಬಂದ ಮೇಲೂ ಬಾರ್ ಹೆಗಲಿಗಿಂತ ಕೆಳಗೆ ಬರುವವರೆಗೆ ಕೈ ಬಿಡಬಾರದು. ಇದಕ್ಕೂ ಕೆಂಪು ಒತ್ತುತ್ತಾರೆ.

– ಸಂ.