ಗುಜರಿಯ ಇಂಟರ್‌ಕಾಮ್ ಪೆಟ್ಟಿಗೆ ತೋಟಕ್ಕೆ ಆದೀತೇ?

ಪ್ರಶ್ನೆ: ಬೆಂಗಳೂರಿನಲ್ಲಿ ಒಂದು ಆಫೀಸು ಖಾಲಿ ಮಾಡುವಾಗ ಮಾರಿದ ಪ್ಯಾನಸಾನಿಕ್ ಕೆಎಕ್ಸ್-ಟಿಇಎಸ್ 824 ಇಪಿಎಬಿಎಕ್ಸ್ (ಆಫೀಸಿನ ಫೋನುಗಳನ್ನು ಒಂದಕ್ಕೊಂದು ಜೋಡಿಸುವ) ಪೆಟ್ಟಿಗೆ ತಂದಿದ್ದೇನೆ. ಜೊತೆಗೆ ಪರದೆ ಇರುವ ಒಂದು ದೊಡ್ಡ ಫೋನು, ನಾಲ್ಕು ಸಾದಾ ಫೋನು. ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮನೆ, ಕೊಟ್ಟಿಗೆ, ಅಡಿಕೆ ಬೇಯಿಸುವ ಶೆಡ್ಡು, 300 ಮೀಟರ್ ಕೆಳಗಿನ ಪಂಪ್‌ಹೌಸು, ಇಷ್ಟಕ್ಕೂ ಇಂಟರ್‌ಕಾಮ್ ಹಾಕುವ ಹುಚ್ಚು ಹತ್ತಿದೆ. ಪರದೆಯ ಫೋನು ಸತ್ತಂತಿದೆ. ಪಂಪ್‌ಹೌಸಿನವರೆಗೆ ಮಾತು ಕೇಳಿಸೀತೇ?

ಉತ್ತರ: ಕೇಳಿಸುತ್ತದೆ, ಧಾರಾಳವಾಗಿ. ಪರದೆಯ ಫೋನೂ ಬಹುಶಃ ಸತ್ತಿಲ್ಲ. ಸಾದಾ ಫೋನಿಗೆ ಎರಡು ತಂತಿ ಸಾಕು. ಪರದೆಯ ಫೋನಿಗೆ ನಾಲ್ಕು ಬೇಕು. ನಡುವಿನ ಎರಡರಲ್ಲಿ ಮಾತು ಹೋಗುತ್ತದೆ, ಅಂಚಿನ ಎರಡರಲ್ಲಿ ಗುಂಡಿ ಮತ್ತು ಪರದೆಯ ಲೆಕ್ಕಾಚಾರ. ಮನೆಯಲ್ಲಿ ಬಿದ್ದಿದ್ದ ಯಾವುದೋ ಎರಡು ತಂತಿಯ ವೈರು ಚುಚ್ಚಿದ್ದೀರಿ ಅನ್ನಿಸುತ್ತದೆ. ವೈರಿನ ತುದಿಯ ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ, ಒಳಗೆ ನಾಲ್ಕು ಬಣ್ಣ ಕಾಣಬೇಕು. ಆಮೇಲೆ ಅದನ್ನು ಪೆಟ್ಟಿಗೆಯ ಮೊದಲನೇ ಎಕ್ಸ್‌ಟೆನ್ಷನ್ (ಒಳಗಿನ ಫೋನಿನ) ಜ್ಯಾಕಿಗೇ ಹಾಕಿ. ಸೆಟ್ಟಿಂಗ್ ಬದಲಿಸುವ ಅಧಿಕಾರ ಆ ಜ್ಯಾಕಿಗೆ. ಕಂಪನಿಯಿಂದ ಬರುವಾಗ ಪಾಸ್‌ವರ್ಡ್ 1234 ಇರುತ್ತದೆ. ಹಳೆಯ ಆಫೀಸಿನವರು ಬದಲಿಸಿದ್ದರೂ ಗಾಬರಿ ಬೇಡ. ಒಳಗೊಳಗೇ ಮಾತಾಡಲು ಸೆಟ್ಟಿಂಗ್ ಏನೂ ಬೇಕಿಲ್ಲ, 101 ಒತ್ತಿದರೆ 101ನೇ ನಂಬರಿನ ಫೋನು ರಿಂಗಾಗುತ್ತದೆ. ಹೆಚ್ಚಿನ ಕಾರ್ಡು ಹಾಕದ ಈ ಪೆಟ್ಟಿಗೆಗೆ ಹೊರಗಿನ 3 ಲೈನು, ಒಳಗಿನ 8 ಫೋನು. ನಿಮಗೆ ಬೇಕಾದ್ದು ಐದು.

ಈಗ ದೂರದ ಮಾತು. 0.5 ಮಿಲಿಮೀಟರ್ ತಾಮ್ರದ ಜೋಡಿ ತಂತಿಗೆ, ಹೋಗಿ ಬರುವ ದಾರಿ ಎರಡೂ ಸೇರಿ, ಕಿಲೋಮೀಟರಿಗೆ ಸುಮಾರು 176 ಓಮ್ ರೋಧ. ನಿಮ್ಮ 300 ಮೀಟರಿಗೆ 53 ಓಮ್ ಆಯಿತು. ರಿಸೀವರ್ ಎತ್ತಿದ ಫೋನಿನದೇ ರೋಧ ಇದಕ್ಕಿಂತ ಹೆಚ್ಚು. ದೂರ ನಿಮ್ಮ ಶತ್ರುವೇ ಅಲ್ಲ. ಜಾಯಿಂಟು, ಹೆಗ್ಗಣ, ಮುಳ್ಳುಹಂದಿ, ಸಿಡಿಲು, ಈ ನಾಲ್ವರನ್ನು ನೋಡಿಕೊಳ್ಳಿ. ಈ ಹವ್ಯಾಸದಲ್ಲಿ ಪೆಟ್ಟಿಗೆಯ ಕೆಲಸ ಒಂದು ಸಂಜೆಯದು, ತಂತಿಯ ಕೆಲಸ ಒಂದು ಬೇಸಿಗೆಯದು.

ಜೆಲ್ಲಿ ತುಂಬಿದ ಟೆಲಿಫೋನ್ ಕೇಬಲ್ಲನ್ನೇ ತನ್ನಿ, ನಡುವೆ ಜಾಯಿಂಟ್ ಇಲ್ಲದಂತೆ ಒಂದೇ ಉದ್ದ ಕೇಳಿ. ಹಳೆಯ ನೀರಿನ ಪೈಪಿನೊಳಗೆ ತೂರಿಸಿ ಹೂಳಬಹುದು. ತೋಟದಲ್ಲಿ ಪೈಪಿಗೇನು ಬರ! ಆದರೆ ಪಂಪಿನ ಕರೆಂಟಿನ ವೈರು ಹೋಗುವ ಪೈಪಿನಲ್ಲಿ ಮಾತ್ರ ಇದನ್ನು ಹಾಕಲೇಬೇಡಿ. ಗುಂಯ್ ಅನ್ನುವ ಸದ್ದು ಹೋಗಲಿ, ಅಲ್ಲಿ ವೈರಿನ ಹೊದಿಕೆ ಸವೆದರೆ ಫೋನಿನಲ್ಲಿ ಮೇನ್ಸ್ ಕರೆಂಟು ಬರುತ್ತದೆ.

ಹೂಳುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಕೇಬಲ್ ಪೆಟ್ಟಿಗೆಗೆ ಸೇರಿರಬಾರದು. ಪಂಪ್‌ಹೌಸಿನ ತುದಿಯಲ್ಲಿ ಎರಡೂ ತಂತಿ ಹೊಸೆದು ಬಂದು, ಮನೆಯ ತುದಿಯಲ್ಲಿ ಅಳೆಯಿರಿ. 53ರ ಆಸುಪಾಸು ತೋರಿಸಿದರೆ ಸರಿ. 200 ತೋರಿಸಿದರೆ ಎಲ್ಲೋ ಜಾಯಿಂಟ್ ಸಡಿಲ. ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ. ಆಮೇಲೆ ಹೊಸೆದದ್ದನ್ನು ಬಿಚ್ಚಿ ಮತ್ತೆ ಅಳೆಯಿರಿ, ಈಗ ಏನೂ ತೋರಿಸಬಾರದು. ಕೆಲವು ಸಾವಿರ ಓಮ್ ಅಂತ ಮುಳ್ಳು ಅಲುಗಿದರೆ ಒಳಗೆ ನೀರು ಸೇರಿದೆ ಎಂದರ್ಥ. ಮಳೆಗಾಲದ ನಡುವೆ ಈ ಎರಡನೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ತಂತಿ ಜೋಡಿಸುವಾಗ ಪೆಟ್ಟಿಗೆ ಆಫ್ ಇರಲಿ. ಫೋನ್ ಲೈನಿನಲ್ಲಿ ಏನು ಮಹಾ ಎಂದು ನಾನೂ ಅಂದುಕೊಂಡಿದ್ದೆ. ಲೈನ್‌ಮನ್‌ಗಳನ್ನು ನೋಡಿ ಕಲಿತ ಶೋಕಿಯಲ್ಲಿ ಹಲ್ಲಿನಿಂದ ತಂತಿಯ ಸಿಪ್ಪೆ ಕಚ್ಚುತ್ತಿದ್ದಾಗ ಯಾರೋ ಅದೇ ನಂಬರಿಗೆ ಫೋನ್ ಮಾಡಿದರು. ರಿಂಗಿಗೆ ಹೋಗುವುದು ಸುಮಾರು 75 ವೋಲ್ಟಿನ ಎಸಿ. ಆ ಕರೆಯನ್ನು ನಾನು ದವಡೆಯಲ್ಲಿ ಸ್ವೀಕರಿಸಿದೆ.

ಸಿಡಿಲಿಗೆ ಪೂರ್ತಿ ಮದ್ದಿಲ್ಲ. ಮನೆಗೆ ಬರುವ ಎಲ್ಲ ಕೇಬಲ್ಲನ್ನೂ ಒಂದು ಕ್ರೋನ್ ಮಾಡ್ಯೂಲಿಗೆ (ಫೋನ್ ತಂತಿ ಜೋಡಿಸುವ ಪಟ್ಟಿಗೆ) ತಂದು, ಅದರ ಮೇಲೆ ಸಿಡಿಲಿನ ಕರೆಂಟನ್ನು ನೆಲಕ್ಕೆ ಇಳಿಸುವ ಗ್ಯಾಸ್ ಟ್ಯೂಬ್ ಅರೆಸ್ಟರ್ ಕೂರಿಸಿ, ಸರಿಯಾದ ಅರ್ತ್ ಕೊಡಿಸಿ. ಅರ್ತ್ ಇಲ್ಲದ ಅರೆಸ್ಟರ್ ಬರೀ ಅಲಂಕಾರ. ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಟ್ಟಿತೆಂದರೆ ಟಿವಿಯ ಪ್ಲಗ್ ಕೀಳುವಾಗ ಇದನ್ನೂ ಕೀಳಿ, ಕರೆಂಟಿನ ಕಡೆಯದು ಮಾತ್ರವಲ್ಲ, ಹೊರಗಿನ ಜೋಡಿಗಳನ್ನೂ. ಉಳಿದ ದಿನ ಪೆಟ್ಟಿಗೆ ಇನ್ವರ್ಟರಿನ ಸಾಲಿನಲ್ಲಿರಲಿ. ಕರೆಂಟು ಹೋದಾಗಲೇ ಅಲ್ಲವೇ ಪಂಪ್‌ಹೌಸಿಗೆ ಫೋನ್ ಮಾಡುವ ಅಗತ್ಯ?

ಇನ್ನು ಈ ಹುಚ್ಚಿಗೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ಪೂರ್ವಜ ಇದೆ. 1984ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಮೊದಲು ಮಾಡಿದ್ದು ಆಫೀಸುಗಳಿಗೆ ಆಗುವ 128 ಪೋರ್ಟಿನ ಪೆಟ್ಟಿಗೆ. ಅದನ್ನೇ ಧೂಳಿಗೂ ಸೆಕೆಗೂ ಜಗ್ಗದಂತೆ, ಏಸಿ ಇಲ್ಲದೆ ನಡೆಯುವಂತೆ ಹಳ್ಳಿಯ ಎಕ್ಸ್‌ಚೇಂಜ್ ಮಾಡಿ, 1986ರಲ್ಲಿ ಮೊದಲು ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ. ಆಫೀಸಿನ ಪೆಟ್ಟಿಗೆ ಊರಿಗೆ ಆಗುತ್ತದೆ ಎಂದು ಅವರು ತೋರಿಸಿದ್ದಾರೆ. ಮನೆಯವರು ನಗುವಾಗ ಹೇಳಿ.

ಪ್ರಶ್ನೆ: ಅಜ್ಜನ ಕಾಲದ, ಬೆರಳಿಂದ ತಿರುಗಿಸುವ ಐಟಿಐ ಕಂಪನಿಯ ಫೋನನ್ನು ನಮ್ಮ ಇಂಟರ್‌ಕಾಮ್ ಪೆಟ್ಟಿಗೆಗೆ ಹಾಕಿದರೆ ಕರೆ ಬರುತ್ತದೆ, ಹೋಗುವುದಿಲ್ಲ. ಫೋನ್ ಕೆಟ್ಟಿದೆಯೇ?

ಉತ್ತರ: ಕರೆ ಬರುತ್ತಿದೆ, ಮಾತು ಸ್ಪಷ್ಟವಿದೆ ಎಂದಮೇಲೆ ಫೋನು ಗಟ್ಟಿಯಾಗಿದೆ. ಗುಂಡಿಯ ಫೋನು 5 ಒತ್ತಿದಾಗ 770 ಮತ್ತು 1336 ಹರ್ಟ್ಸಿನ ಎರಡು ಸ್ವರ ಒಟ್ಟಿಗೆ ಕಳಿಸುತ್ತದೆ. ನಿಮ್ಮ ಡಯಲ್ ಹಿಂದೆ ತಿರುಗುವಾಗ ಲೈನನ್ನು ಐದು ಸಲ ಕತ್ತರಿಸಿ ಜೋಡಿಸುತ್ತದೆ, ಸೆಕೆಂಡಿಗೆ ಹತ್ತರ ವೇಗದಲ್ಲಿ. ಕೆಲವು ಪೆಟ್ಟಿಗೆಗಳಿಗೆ ಸ್ವರ ಮಾತ್ರ ಅರ್ಥವಾಗುತ್ತದೆ; ಸೆಟ್ಟಿಂಗಿನಲ್ಲಿ 'ಪಲ್ಸ್' (ಈ ಕತ್ತರಿಸಿ ಜೋಡಿಸುವ ರೀತಿ) ಇದೆಯೇ ನೋಡಿ. ಇದ್ದೂ ನಂಬರು ತಪ್ಪುತ್ತಿದ್ದರೆ ಡಯಲಿನ ಗ್ರೀಸ್ ಗಟ್ಟಿಯಾಗಿ ತಿರುಗುವುದು ನಿಧಾನವಾಗಿರುತ್ತದೆ. 0 ತಿರುಗಿಸಿ ಬಿಡಿ, ಡಯಲ್ ಸ್ವಸ್ಥಾನಕ್ಕೆ ಬರಲು ಸುಮಾರು ಒಂದು ಸೆಕೆಂಡು ಹಿಡಿಯಬೇಕು. ಎರಡು ಸೆಕೆಂಡಾದರೆ ಬಿಚ್ಚಿ ಒರೆಸಿ, ಗಡಿಯಾರದ ಎಣ್ಣೆ ಒಂದು ಹನಿ ಬಿಡಿ. ತೆಂಗಿನೆಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ.

ಪ್ರಶ್ನೆ: ಮನೆಯ ಫೈಬರ್ ಇಂಟರ್ನೆಟ್ಟಿಗೆ ಇಂಟರ್‌ಕಾಮ್ ಸೇರಿಸಬಹುದೇ? ಅಮೆರಿಕದಲ್ಲಿರುವ ಮಗ ಆ ಮೂಲಕವೇ ಊರಿನವರಿಗೆಲ್ಲ ಫೋನ್ ಮಾಡುವಂತೆ ಮಾಡಬೇಕು.

ಉತ್ತರ: ಮೊದಲರ್ಧ ಸುಲಭ. ಫೈಬರ್ ಪೆಟ್ಟಿಗೆಯ ಹಿಂದೆ ಫೋನಿನ ತೂತು ಇದ್ದು, ಆ ಸೇವೆ ಚಾಲೂ ಇದ್ದರೆ, ಅಲ್ಲಿಂದ ಎರಡು ತಂತಿ ಎಳೆದು ಇಂಟರ್‌ಕಾಮಿನ 'ಸಿಒ' (ಹೊರಗಿನ ಲೈನಿನ) ಜ್ಯಾಕಿಗೆ ಹಾಕಿ, ಎಕ್ಸ್‌ಟೆನ್ಷನ್ ಜ್ಯಾಕಿಗಲ್ಲ. ಎರಡೂ ಕಡೆಯಿಂದ ಕರೆಂಟು ತಳ್ಳಿಕೊಂಡರೆ ಯಾವುದಾದರೊಂದು ಸುಡಬಹುದು. ಉತ್ತರಾರ್ಧ ಕೈಬಿಡಿ. ವಿದೇಶದಿಂದ ಇಂಟರ್ನೆಟ್ಟಿನಲ್ಲಿ ಬಂದ ಕರೆಯನ್ನು ಇಲ್ಲಿನ ಲೈನಿಗೆ ದಾಟಿಸಿ ಊರಿನ ನಂಬರುಗಳಿಗೆ ಕೊಡುವುದಕ್ಕೆ ಪರವಾನಗಿ ಬೇಕು, ಇಲ್ಲದಿದ್ದರೆ ಪೊಲೀಸರು ಬರುವ ಕೆಲಸ ಅದು. ಮಗನಿಗೆ ವಾಟ್ಸ್ಯಾಪಿನಲ್ಲೇ ಮಾತಾಡಲು ಹೇಳಿ.