ಟೋಕಿಯೋದಲ್ಲಿ ಅಗ್ಗದ ಸುಶಿ ಅಂದ್ರೆ ಅಸಲಿ ಅಲ್ಲ ಅನ್ಕೋಬೇಡಿ

ಅಸಲಿ ಸುಶಿ ತಿನ್ನೋಕೆ ತುಂಬಾ ದುಡ್ಡು ಬೇಕಾ, ಅಗ್ಗದ ಕಡೆ ಹೋದ್ರೆ ಮೋಸನಾ ಅಂತ ಕೇಳಿದ್ದೀರಿ, ಮನೆಯವ್ರು ವೆಜ್ ಅಂತಾನೂ ಬರ್ದಿದ್ದೀರಿ. ಹೊಸಬ್ರು ಗಿಂಜಾ ಅನ್ನೋ ದುಬಾರಿ ಏರಿಯಾದ ಒಮಾಕಾಸೆ, ಅಂದ್ರೆ ಏನು ಕೊಡ್ಬೇಕು ಅಂತ ಬಾಣಸಿಗರೇ ತೀರ್ಮಾನಿಸೋ ಊಟದ ವಿಡಿಯೋ ನೋಡಿ ತಲೆಗೆ 30 ಸಾವಿರ ಯೆನ್ ಅಂತ ಹೆದರ್ಕೊಂಡ್ಬಿಡ್ತಾರೆ, ಆದ್ರೆ ಇಲ್ಲಿನ ಜನ ಶನಿವಾರ ಭಾನುವಾರ ಮಕ್ಕಳು ಅಜ್ಜಿ ತಾತ ಎಲ್ಲಾ ಸೇರ್ಕೊಂಡು ಹೋಗೋದು ಕೈಟೆನ್ ಸುಶಿಗೆ, ಅಂದ್ರೆ ಬೆಲ್ಟ್ ಮೇಲೆ ತಟ್ಟೆ ಬರೋ ಜಾಗಕ್ಕೆ. ನಿಗಿರಿ ಸುಶಿ, ಅಂದ್ರೆ ಅನ್ನದ ಉಂಡೆ ಮೇಲೆ ಮೀನಿಟ್ಟಿದ್ದು, ಸುಮಾರು ಇನ್ನೂರು ವರ್ಷದ ಹಿಂದೆ ಎಡೋ ಕಾಲದಲ್ಲಿ ಇದೇ ಊರಿನ ಬೀದಿ ಬದಿ ಅಂಗಡಿಗಳಲ್ಲಿ ಜನ ನಿಂತ್ಕೊಂಡೇ ತಿನ್ತಿದ್ದ ತಿಂಡಿ ರೀ. ಬೆಲ್ಟ್ ಪದ್ಧತಿನೂ 1958ರಲ್ಲಿ ಒಸಾಕಾ ಕಡೆ ಶಿರೈಶಿ ಯೋಶಿಆಕಿ ಅನ್ನೋರು ಬಿಯರ್ ಫ್ಯಾಕ್ಟರಿ ಕನ್ವೇಯರ್ ನೋಡಿ ಶುರು ಮಾಡಿದ್ದು, ಸಾಮಾನ್ಯ ಜನಕ್ಕೆ ಕೈಗೆಟುಕ್ಲಿ ಅಂತ.

ಸುಶಿರೋ, ಕುರಾ, ಹಾಮಾ ಸುಶಿ ಅನ್ನೋ ಕೈಟೆನ್ ಚೈನ್‌ಗಳಲ್ಲಿ ಮನೆ ಹತ್ರ ಯಾವ್ದಿದೆಯೋ ಅಲ್ಲಿಗೆ ಹೋಗಿ. ಎರಡು ಪೀಸಿನ ತಟ್ಟೆ 120 ಯೆನ್ ಆಸುಪಾಸಿಂದ ಶುರು, ಊರ ಮಧ್ಯದ ಬ್ರಾಂಚಲ್ಲಿ ಸ್ವಲ್ಪ ಜಾಸ್ತಿ, ಒಬ್ರಿಗೆ 2000 ಯೆನ್ ಒಳಗೆ ಹೊಟ್ಟೆ ತುಂಬತ್ತೆ. ಬಾಗಿಲಲ್ಲಿ ಮಷೀನಲ್ಲಿ ಎಷ್ಟು ಜನ, ಟೇಬಲ್ಲಾ ಕೌಂಟರಾ ಅಂತ ಒತ್ತಿ ಚೀಟಿ ತಗೊಂಡ್ರೆ ಆಯ್ತು, ಒಳಗೆ ಟ್ಯಾಬ್ಲೆಟಲ್ಲಿ ಇಂಗ್ಲಿಷ್ ಇರತ್ತೆ. 2023ರಲ್ಲಿ ಕೆಲವ್ರು ಬೆಲ್ಟ್ ಮೇಲಿನ ತಟ್ಟೆ ಮುಟ್ಟಿ ಗಲೀಜು ಮಾಡಿದ ವಿಡಿಯೋ ಹರಡಿದ್ಮೇಲೆ ತುಂಬಾ ಕಡೆ ಆರ್ಡರ್ ಮಾಡಿದ ತಟ್ಟೆ ಮಾತ್ರ ಬರತ್ತೆ. ಟೇಬಲ್ ಹತ್ರ ಇರೋ ನಲ್ಲಿ ಕೈ ತೊಳೆಯೋಕಲ್ಲ, ಕುದಿಯೋ ನೀರು ಬರತ್ತೆ, ಹುಷಾರು, ಕಪ್ಪಲ್ಲಿ ಗ್ರೀನ್ ಟೀ ಪುಡಿ ಹಾಕಿ ಅದನ್ನ ಬಿಟ್ಕೊಳ್ಳೋದು.

ನೀವು ಕುಂದಾಪುರದವ್ರು, ಮೀನು ಗೊತ್ತಿರೋರು, ಆದ್ರೂ ಮೊದಲ ದಿನವೇ ಹಸಿದಕ್ಕೆ ಕೈ ಹಾಕಲೇಬೇಕು ಅಂತೇನಿಲ್ಲ. ಬೇಯಿಸಿದ ಸಿಗಡಿ ಇದೆ, ಸಾಸ್ ಹಚ್ಚಿದ ಅನಾಗೋ ಹಾವುಮೀನು ಇದೆ, ಮೇಲೆ ಬೆಂಕಿ ತೋರ್ಸಿದ ಸಾಲ್ಮನ್ ಇದೆ. ಆಮೇಲೆ ಶಿಮೆ ಸಾಬಾ ತಗೊಳ್ಳಿ, ನಮ್ಮ ಬಂಗುಡೆ ಜಾತಿ ಮೀನು, ಉಪ್ಪು ವಿನೆಗರಲ್ಲಿ ನೆನೆಸಿರ್ತಾರೆ, ಕರಾವಳಿ ನಾಲಿಗೆಗೆ ಬೇಗ ಹಿಡಿಸತ್ತೆ ಅಂತ ನನ್ನ ನಂಬಿಕೆ. ಸೋಯಾ ಸಾಸು ಮೀನಿನ ಕಡೆಗೆ ತಾಗ್ಸಿ, ಅನ್ನದ ಕಡೆ ಅದ್ದಿದ್ರೆ ಪುಡಿಪುಡಿಯಾಗಿ ಬೀಳತ್ತೆ. ಕೈಯಲ್ಲೇ ತಿನ್ನಿ, ಯಾರೂ ಏನೂ ಅನ್ಕೊಳ್ಳಲ್ಲ.

ಮನೆಯವ್ರಿಗೆ ಕಪ್ಪಾ ಮಾಕಿ ಅಂದ್ರೆ ಸೌತೆಕಾಯಿದು, ಹುದುಗಿಸಿದ ಸೋಯಾ ಕಾಳಿನ ನಾತ್ತೋ ಮಾಕಿ, ಎಡಮಾಮೆ ಅಂದ್ರೆ ಬೇಯಿಸಿದ ಹಸಿ ಸೋಯಾ ಕಾಯಿ ಸಿಗತ್ತೆ, ಆದ್ರೆ ಇನಾರಿ ಅನ್ನೋ ಸುಶಿಯಲ್ಲಿ ಅನ್ನ ತುಂಬೋ ಕರಿದ ತೋಫು, ಮೊಟ್ಟೆ ಸುಶಿ, ಮಿಸೋ ಸೂಪ್ ಇದ್ರಲ್ಲೆಲ್ಲ ಸಾಮಾನ್ಯವಾಗಿ ದಾಶಿ ಅನ್ನೋ ಮೀನಿನ ಸಾರು ಇರತ್ತೆ, ನಾತ್ತೋ ಜೊತೆ ಬರೋ ಸಾಸಲ್ಲೂ ಇರ್ಬಹುದು. ಕಟ್ಟುನಿಟ್ಟಿನವ್ರಾದ್ರೆ ಇದನ್ನ ಹೋಗೋ ಮುಂಚೆನೇ ಹೇಳ್ಬಿಡಿ ಅವ್ರಿಗೆ, ತಿಂದ್ಮೇಲೆ ಗೊತ್ತಾದ್ರೆ ಬೇಜಾರು.

ಇದು ರೂಢಿಯಾದ್ಮೇಲೆ ನಿಮ್ಮ ಸ್ಟೇಷನ್ ಹತ್ರ ಸಣ್ಣ ಸುಶಿ ಅಂಗಡಿ ಇದ್ರೆ ಮಧ್ಯಾಹ್ನ ಲಂಚ್ ಸೆಟ್‌ಗೆ ಹೋಗಿ. ಮಾಸ್ಟರ್ ಕಣ್ಣೆದುರೇ ಕೈಯಲ್ಲಿ ಕಟ್ಟಿ ಕೊಡ್ತಾರೆ, ಅನ್ನ ಉಗುರು ಬೆಚ್ಚಗಿರತ್ತೆ, ಚೈನ್ ಅಂಗಡಿಯ ಮಷೀನಲ್ಲಿ ಕಟ್ಟಿದ ಅನ್ನಕ್ಕೂ ಅದಕ್ಕೂ ಇರೋ ವ್ಯತ್ಯಾಸ ಬಾಯಲ್ಲಿಟ್ಟ ತಕ್ಷಣ ಗೊತ್ತಾಗತ್ತೆ. 1000ದಿಂದ 1500 ಯೆನ್‌ಗೆ ಸಿಗೋ ಕಡೆ ಈಗ್ಲೂ ಇದೆ, ರಾತ್ರಿ ಅದೇ ಅಂಗಡಿ ದುಬಾರಿ. ರೇಟ್ ಬರೀದೆ ಮಾರ್ಕೆಟ್ ಬೆಲೆ ಅಂತ ಹಲಗೆ ತೂಗಿಸಿದ್ರೆ ಕೇಳ್ಕೊಂಡೇ ಆರ್ಡರ್ ಮಾಡಿ. ಟಿಪ್ಸ್ ಎಲ್ಲೂ ಕೊಡ್ಬೇಡಿ, ತಗೊಳ್ಳಲ್ಲ. ಶನಿವಾರ ಸಂಜೆ ಚೈನ್ ಅಂಗಡಿಗೆ ಹೋಗೋದಾದ್ರೆ ಮನೆಯಿಂದ್ಲೇ ಆ್ಯಪಲ್ಲಿ ಬುಕ್ ಮಾಡ್ಕೊಂಡು ಹೋಗಿ, ಇಲ್ಲಾಂದ್ರೆ ಗಂಟೆಗಟ್ಲೆ ಕಾಯ್ಬೇಕಾಗತ್ತೆ.