ಕಾಯಿಲೆಯಿಂದ ಎರಡು ವರ್ಷ ನಿಂತುಹೋದ, ಮನೆಯಲ್ಲೇ ಕಟ್ಟುತ್ತಿದ್ದ ಸ್ಪೋರ್ಟ್ಸ್ ಕಾರಿನ ಕೆಲಸವನ್ನು ಮತ್ತೆ ಎಲ್ಲಿಂದ ಆರಂಭಿಸಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಇಂಗ್ಲೆಂಡಿನ ನಿಮ್ಮ ಗ್ಯಾರೇಜಿನಲ್ಲಿ ಹಳೆಯ ಮಾಜ್ದಾ ಎಂಎಕ್ಸ್-5 ಒಂದರ ಎಂಜಿನ್, ಗೇರ್‌ಬಾಕ್ಸ್ ಬಳಸಿ ಲೋಟಸ್ ಸೆವೆನ್ ಮಾದರಿಯ, ಹಗುರವಾದ ಪುಟ್ಟ ತೆರೆದ ಕಾರನ್ನು ಕಟ್ಟುತ್ತಿದ್ದಿರಿ; ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಆಮೇಲೆ ಕೀಮೋಥೆರಪಿ ಎಂದು ಎರಡು ವರ್ಷ ಅದನ್ನು ಮುಟ್ಟಲಾಗಲಿಲ್ಲ; ಈಗ ಎಲ್ಲಿಂದ ಶುರುಮಾಡುವುದು, ಇಲ್ಲವೇ ಮಾರಿಬಿಡುವುದೇ ಒಳ್ಳೆಯದೇ. ಅದೇ ಕಾಯಿಲೆ, ಅದೇ ಔಷಧವನ್ನು ದಾಟಿ ಬಂದು ಇಂಥದೇ ಕಾರನ್ನು ಪೂರ್ತಿಗೊಳಿಸಿ ನೋಂದಣಿ ಮಾಡಿಸಿದವನಾದ್ದರಿಂದ ಉತ್ತರಿಸುತ್ತಿದ್ದೇನೆ. ವೈದ್ಯಕೀಯ ವಿಷಯಗಳಲ್ಲಿ ನಾನು ರೋಗಿಯಾಗಿ ತಿಳಿದಷ್ಟನ್ನು ಮಾತ್ರ ಹೇಳಬಲ್ಲೆ. ನಿಮ್ಮ ದೇಹದ ಬಗ್ಗೆ ನಿಮ್ಮ ವೈದ್ಯರ ಮಾತೇ ಅಂತಿಮ.

ಬಾಕಿ ಉಳಿದ ಕೆಲಸದಿಂದ ಶುರುಮಾಡಬೇಡಿ, ಮುಗಿದಿದೆ ಎಂದುಕೊಂಡಿರುವ ಕೆಲಸದಿಂದ ಶುರುಮಾಡಿ. ಬಾಕಿ ಇರುವುದು ಕಣ್ಣಿಗೆ ಕಾಣುತ್ತದೆ: ವೈರಿಂಗ್ ಆಗಿಲ್ಲ, ಸೀಟು ಕೂರಿಸಿಲ್ಲ, ಹಿಂದಿನ ಮಡ್‌ಗಾರ್ಡ್ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಆದರೆ ಚಕ್ರವನ್ನು ಚಾಸಿಸ್ಸಿಗೆ ಹಿಡಿದಿಡುವ ತೋಳಾದ ಕೆಳಗಿನ ವಿಶ್‌ಬೋನಿನ ಬೋಲ್ಟನ್ನು ಸರಿಯಾದ ಬಿಗುಪಿಗೆ, ಅಂದರೆ ಟಾರ್ಕ್‌ಗೆ ಬಿಗಿಮಾಡಿದ್ದಿರೋ, ಅಥವಾ ಜೋಡಣೆ ಸರಿಹೋಗುತ್ತದೆಯೇ ಎಂದು ನೋಡಲು ಸುಮ್ಮನೆ ಕೈಯಿಂದ ತಿರುಗಿಸಿ ಬಿಟ್ಟಿದ್ದಿರೋ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಎರಡು ವರ್ಷ ಕಳೆದ ಮೇಲೆ, ಅದರಲ್ಲೂ ಕೀಮೋ ನಂತರದ ಮಂಕು ನೆನಪನ್ನು ನಂಬಿಕೊಂಡು, ‘ಇದನ್ನು ಬಿಗಿಮಾಡಿದ್ದೆ ಅನಿಸುತ್ತದೆ’ ಎಂದು ಮುಂದೆ ಹೋಗುವುದು ತರವಲ್ಲ. ಬೇರೆ ಯಾರೋ ಕಟ್ಟಿದ ಕಾರನ್ನು ಈಗಷ್ಟೇ ಕೊಂಡುತಂದಿದ್ದೀರಿ ಎಂದುಕೊಂಡು ಮುಂದಿನ ಎಡಚಕ್ರದಿಂದ ಹಿಡಿದು ಒಂದೊಂದು ಜೋಡಣೆಯನ್ನೂ ಮತ್ತೆ ನೋಡುತ್ತ ಬನ್ನಿ. ಸ್ಟೀರಿಂಗ್, ಸಸ್ಪೆನ್ಷನ್, ಬ್ರೇಕ್, ಸೀಟ್‌ಬೆಲ್ಟ್ ಇವುಗಳಿಗೆ ಸಂಬಂಧಿಸಿದ ಪ್ರತಿ ಬೋಲ್ಟನ್ನೂ ಸಡಿಲಿಸಿ, ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟಿದ್ದರೆ ಹೊಸದನ್ನು ಹಾಕಿ, ನಿಗದಿತ ಬಿಗುಪು ಬಂದಾಗ ಸದ್ದು ಮಾಡುವ ಟಾರ್ಕ್ ರೆಂಚಿನಿಂದ ಬಿಗಿಮಾಡಿ, ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಹಳದಿ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಗೆರೆಯಿದ್ದರೆ ಮುಗಿದಿದೆ, ಇಲ್ಲದಿದ್ದರೆ ಮುಗಿದಿಲ್ಲ. ಅಲ್ಲಿಂದ ಮುಂದೆ ನೆನಪಿಗೆ ಕೆಲಸವಿರುವುದಿಲ್ಲ. ಈ ಸುತ್ತು ಬೇಸರದ್ದು ನಿಜ, ಆದರೆ ಶಕ್ತಿ ಕಡಿಮೆಯಿರುವ ದಿನಗಳಿಗೆ ಇದಕ್ಕಿಂತ ಹೊಂದುವ ಕೆಲಸ ಇನ್ನೊಂದಿಲ್ಲ, ಏಕೆಂದರೆ ಅರ್ಧ ಗಂಟೆಗೆ ನಿಲ್ಲಿಸಿ ಎದ್ದುಹೋದರೂ ಏನೂ ಕೆಡುವುದಿಲ್ಲ.

ಸುಮ್ಮನೆ ನಿಂತಿದ್ದಾಗಲೂ ಹಾಳಾಗುವ ವಸ್ತುಗಳಲ್ಲಿ ಮೊದಲನೆಯದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ: ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೂಕದಲ್ಲಿ ಶೇ. 3.7ರಷ್ಟು ನೀರು ಸೇರಿದ ಅದೇ ಆಯಿಲ್‌ಗೆ ಆ ಮಿತಿ 155 ಡಿಗ್ರಿ ಮಾತ್ರ. ಆಯಿಲ್ ಕುದಿದರೆ ಬ್ರೇಕ್ ಹಿಡಿಯುವುದಿಲ್ಲ. ಹಳೆಯದನ್ನು ಪೂರ್ತಿ ಹೊರಹಾಕಿ, ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಪಿಸ್ಟನ್‌ಗಳು ಸಲೀಸಾಗಿ ಸರಿಯುತ್ತವೆಯೇ ನೋಡಿ. ಎರಡನೆಯದು ಪೆಟ್ರೋಲ್ ಪೈಪು. 2021ರ ಸೆಪ್ಟೆಂಬರಿನಿಂದ ಇಲ್ಲಿನ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ ಶೇ. 10ರವರೆಗೆ ಎಥನಾಲ್ ಇರುವ ಇ10; ಎಥನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ. ಹಳೆಯ ಸ್ಟಾಕಿನ ರಬ್ಬರ್ ಪೈಪು ಹಾಕಿದ್ದರೆ ಅದನ್ನು ಬಗ್ಗಿಸಿ ಬಿರುಕು ಹುಡುಕುತ್ತ ಕೂರದೆ, ಎಥನಾಲನ್ನು ತಾಳುವ ಆರ್9 ದರ್ಜೆಯ ಹೊಸ ಪೈಪು ಹಾಕಿಬಿಡುವುದೇ ಮೇಲು. ಎಂಜಿನ್ನಿನ ಸ್ಪಾರ್ಕ್ ಪ್ಲಗ್ ತೆಗೆದು, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ಕಾದು, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಿ. ಆಮೇಲಷ್ಟೇ ಪ್ಲಗ್ ಇಲ್ಲದೆ ಸ್ಟಾರ್ಟರ್ ಹೊಡೆದು ಆಯಿಲ್ ಒತ್ತಡ ಏರುವುದನ್ನು ನೋಡಿ. ಟೈರೂ ನಿಂತಲ್ಲೇ ಹಳತಾಗುತ್ತದೆ: ಅದರ ಪಕ್ಕದ ನಾಲ್ಕಂಕಿಯ ಸಂಖ್ಯೆ ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ. ಇಲಿ ಕಡಿದ ವೈರುಗಳ ಕಥೆ ನಿಮಗೇ ಗೊತ್ತಿರುತ್ತದೆ.

ಇನ್ನು ಕೈಗಳ ವಿಷಯ. ಇದನ್ನು ಕಾರು ಕಟ್ಟುವವರೂ ಹೇಳುವುದಿಲ್ಲ, ಆಸ್ಪತ್ರೆಯವರೂ ಈ ದೃಷ್ಟಿಯಿಂದ ಹೇಳುವುದಿಲ್ಲ. ನಿಮಗೆ ಕೊಟ್ಟಿದ್ದು ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧ ಎಂದು ಬರೆದಿದ್ದೀರಿ. ಚಿಕಿತ್ಸೆ ನಡೆಯುತ್ತಿದ್ದಾಗ ಫ್ರಿಜ್ಜಿನ ಬಾಗಿಲು ಹಿಡಿದರೂ ಬೆರಳಿಗೆ ಮುಳ್ಳು ಚುಚ್ಚಿದಂತಾಗುತ್ತಿದ್ದುದು ನೆನಪಿರಬಹುದು; ಆ ತಣ್ಣನೆಯ ಚುಚ್ಚು ಹೋದ ಮೇಲೂ ಬೆರಳ ತುದಿಯ ಮರಗಟ್ಟುವಿಕೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕಾರಿನ ಕೆಲಸದಲ್ಲಿ ಇದರ ಪರಿಣಾಮ ನಟ್ಟು ಕೈಜಾರಿ ಬೀಳುವುದಕ್ಕೆ ಸೀಮಿತವಲ್ಲ. ಬ್ರೇಕ್ ಪೈಪಿನ ಯೂನಿಯನ್ ನಟ್ಟನ್ನು ಮಾಸ್ಟರ್ ಸಿಲಿಂಡರಿಗೆ (ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ತಳ್ಳುವ ಭಾಗಕ್ಕೆ) ಕೂರಿಸುವಾಗ ಮೊದಲು ಅದನ್ನು ಹಿಂದಕ್ಕೆ ತಿರುಗಿಸುತ್ತೇವೆ. ನಟ್ಟಿನ ಥ್ರೆಡ್ (ಸುರುಳಿ ಗೆರೆ) ಸಿಲಿಂಡರಿನ ಥ್ರೆಡ್ಡಿಗೆ ಸೇರಿ ‘ಟಕ್’ ಎಂದು ಒಂದು ಸಣ್ಣ ಇಳಿತ ಬೆರಳಿಗೆ ಸಿಕ್ಕಿದ ಮೇಲೆ ಮುಂದಕ್ಕೆ ತಿರುಗಿಸುತ್ತೇವೆ. ಮರಗಟ್ಟಿದ ಬೆರಳಿಗೆ ಆ ಇಳಿತ ತಿಳಿಯುವುದಿಲ್ಲ. ನಟ್ಟು ಓರೆಯಾಗಿ ಹತ್ತಿದರೂ ಸ್ಪ್ಯಾನರಿನ ಬಲಕ್ಕೆ ಒಳಗೆ ಹೋಗುತ್ತದೆ, ಅಲ್ಯೂಮಿನಿಯಮ್ಮಿನ ಥ್ರೆಡ್ ಕಿತ್ತುಹೋಗುತ್ತದೆ. ಹೀಗಾಗಿ ಬೆರಳಿನ ಸ್ಪರ್ಶವನ್ನೇ ಅವಲಂಬಿಸಿದ ಕೆಲಸಗಳನ್ನು ಬೇರೆ ಮಾಡಿ, ಅವುಗಳಿಗೆ ಮಾತ್ರ ಒಬ್ಬ ಸ್ನೇಹಿತರನ್ನು ಕರೆಯಿರಿ. ಟಾರ್ಕ್ ರೆಂಚಿನ ಸದ್ದು ಕಿವಿಗೆ ಕೇಳುವಂಥದ್ದು, ಅದು ನಿಮ್ಮಿಂದಾಗುತ್ತದೆ. ವೈರಿನ ಟರ್ಮಿನಲ್ ಒತ್ತಲು ರ‍್ಯಾಚೆಟ್ ಇರುವ ಕ್ರಿಂಪರ್ ಕೊಳ್ಳಿ. ಪೂರ್ತಿ ಒತ್ತುವವರೆಗೆ ಅದು ಬಾಯಿ ಬಿಡುವುದಿಲ್ಲ. ಬೆಸುಗೆ ಹಾಕುವ ಕಡ್ಡಿ, ಬಿಸಿ ಸೈಲೆನ್ಸರ್ ಇವು ಸುಟ್ಟದ್ದು ತಡವಾಗಿ ತಿಳಿಯುವುದರಿಂದ ಕೈಗವಸಿಲ್ಲದೆ ಹತ್ತಿರ ಹೋಗಬೇಡಿ. ಚಳಿಗಾಲದಲ್ಲಿ ಸ್ಪ್ಯಾನರುಗಳನ್ನು ಗ್ಯಾರೇಜಿನಲ್ಲಿಡದೆ ಮನೆಯೊಳಗೆ ರೇಡಿಯೇಟರಿನ ಪಕ್ಕ ಇಡುವುದು ನನಗೆ ಬಹಳ ಅನುಕೂಲವಾಯಿತು, ಮನೆಯವರ ಅಭಿಪ್ರಾಯ ಬೇರೆಯಿತ್ತು.

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ಭಾರ ಎತ್ತುವುದರಿಂದ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಆಗುವ ಅಪಾಯವಿರುತ್ತದೆ, ಮತ್ತು ಗಾಯ ಮೇಲೆ ಮಾಗಿ ಕಾಣುವುದಕ್ಕೂ ಒಳಗಿನ ಬಲಕ್ಕೂ ಸಂಬಂಧವಿಲ್ಲ. ಗೇರ್‌ಬಾಕ್ಸನ್ನು ಎದೆಯ ಮೇಲಿಟ್ಟುಕೊಂಡು ಕಾರಿನಡಿ ಜರುಗುವ ಹಳೆಯ ಅಭ್ಯಾಸವನ್ನು ಬಿಟ್ಟುಬಿಡಿ. ಎಂಜಿನ್ ನೂರು ಕಿಲೋ ಮೀರುತ್ತದೆ. ಕ್ರೇನ್ ಬಾಡಿಗೆಗೆ ಸಿಗುತ್ತದೆ, ಅದನ್ನು ತರಿಸುವ ದಿನ ಇನ್ನಿಬ್ಬರಿರಲಿ. ವೈರಿಂಗನ್ನಂತೂ ಕಾರಿನ ಮೇಲೆ ಬಾಗಿ ಮಾಡಬೇಕಾಗಿಯೇ ಇಲ್ಲ: ಚಾಸಿಸ್ಸಿನ ಅಳತೆಯನ್ನು ಪ್ಲೈವುಡ್ ಹಲಗೆಯ ಮೇಲೆ ಬರೆದುಕೊಂಡು, ಮೊಳೆ ಹೊಡೆದು, ಬೆಚ್ಚಗಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತು ವೈರುಗಳ ಇಡೀ ಕಟ್ಟನ್ನು ತಯಾರಿಸಬಹುದು. ಫೈಬರ್‌ಗ್ಲಾಸ್ ಉಜ್ಜುವುದನ್ನೂ ಬಣ್ಣ ಸಿಂಪಡಿಸುವುದನ್ನೂ ಹಣ ಕೊಟ್ಟು ಬೇರೆಯವರಿಂದ ಮಾಡಿಸಿ. ಎಲ್ಲವನ್ನೂ ನಾನೇ ಮಾಡಿದೆ ಎನ್ನುವ ಹಟ ಈಗ ಆ ಧೂಳಿನ ಬೆಲೆಗೆ ತೂಗುವುದಿಲ್ಲ.

ಇದಕ್ಕಿಂತ ಮುಖ್ಯವಾದ ಒಂದು ಪ್ರಶ್ನೆಯನ್ನು ನೀವು ಕೇಳಿಲ್ಲ: ಈ ಕಾರನ್ನು ನಿಮ್ಮ ಈಗಿನ ದೇಹ ಓಡಿಸಬಲ್ಲದೇ? ಸೆವೆನ್ ಮಾದರಿಯ ಕಾರಿನಲ್ಲಿ ಕಾಲಿಡುವ ಜಾಗ ಎಷ್ಟು ಇಕ್ಕಟ್ಟೆಂದರೆ ಅಗಲದ ಬೂಟು ಹಾಕಿದರೆ ಎರಡು ಪೆಡಲ್ ಒಟ್ಟಿಗೆ ಒತ್ತಿಹೋಗುತ್ತವೆ. ಅದಕ್ಕೇ ಎಲ್ಲರೂ ತೆಳು ಅಡಿಯ ಶೂ ಹಾಕುತ್ತಾರೆ, ಪೆಡಲನ್ನು ಕಣ್ಣಿಂದಲ್ಲ, ಪಾದದಿಂದ ಗುರುತಿಸುತ್ತಾರೆ. ಆಕ್ಸಾಲಿಪ್ಲಾಟಿನ್ ಪಾದವನ್ನೂ ಬಿಡುವುದಿಲ್ಲ. ಎಂಜಿನ್ ಆರಿಸಿಟ್ಟು, ತಾತ್ಕಾಲಿಕವಾಗಿ ಸೀಟು ಕೂರಿಸಿ, ಒಳಗೆ ಕುಳಿತು, ಕಣ್ಣುಮುಚ್ಚಿ, ಇನ್ನೊಬ್ಬರು ‘ಬ್ರೇಕ್’, ‘ಕ್ಲಚ್’ ಎಂದು ಹೇಳಿದಂತೆ ಒತ್ತಿ ನೋಡಿ. ತಪ್ಪುತ್ತಿದ್ದರೆ ಪೆಡಲ್‌ಗಳ ನಡುವಿನ ಅಂತರ ಹೆಚ್ಚಿಸಲು, ಬ್ರೇಕ್ ಪೆಡಲಿಗೆ ಎತ್ತರದ ಪ್ಯಾಡ್ ಹಾಕಲು ಇದೇ ಸಮಯ. ಪ್ಯಾನಲ್ ರಿವೆಟ್ ಆದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಇಂಥ ಹಲವು ಕಾರುಗಳ ಬ್ರೇಕಿಗೆ ತುಳಿತಕ್ಕೆ ಬಲ ಕೂಡಿಸುವ ಸರ್ವೋ ಇರುವುದಿಲ್ಲ, ಜೋರಾಗಿ ತುಳಿಯಬೇಕು, ಆ ಒತ್ತಡ ಹೊಟ್ಟೆಯ ಸ್ನಾಯುವಿಗೂ ಬರುತ್ತದೆ. ಸೀಟ್‌ಬೆಲ್ಟಿನ ಕೆಳಪಟ್ಟಿ ಹೊಲಿಗೆಯ ಮೇಲೆ ಹಾಯದೆ ಸೊಂಟದ ಮೂಳೆಯ ಮೇಲೆ ಕೂರುವಂತೆ ಸೀಟಿನ ಎತ್ತರವನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಪಾದದ ಮರಗಟ್ಟುವಿಕೆ ಉಳಿದಿದ್ದರೆ ವೈದ್ಯರೊಂದಿಗೆ ಮಾತಾಡಿ, ಚಾಲನಾ ಪರವಾನಗಿ ಕೊಡುವ ಸರ್ಕಾರಿ ಸಂಸ್ಥೆಯಾದ ಡಿವಿಎಲ್‌ಎಗೆ ತಿಳಿಸಿ. ಇದು ನಿಮ್ಮ ದಿನನಿತ್ಯದ ಕಾರಿಗೂ ಅನ್ವಯಿಸುವ ಮಾತು.

ಕಾನೂನಿನ ಕಡೆ ಹೆದರುವಂಥದ್ದೇನಿಲ್ಲ. 2009ರಲ್ಲಿ ಬಂದ ಐವಿಎ ಪರೀಕ್ಷೆ ಒಂದೊಂದೇ ಕಾರನ್ನು ಬಿಡಿಯಾಗಿ ಪರೀಕ್ಷಿಸಿ ಒಪ್ಪಿಗೆ ಕೊಡುವ ವ್ಯವಸ್ಥೆ. ನಮ್ಮ ಊರಿನಲ್ಲಿ ಮನೆಯಲ್ಲಿ ಕಟ್ಟಿದ ಕಾರಿಗೆ ಇಷ್ಟು ಸುಗಮ ದಾರಿ ಇಲ್ಲವೆಂದೇ ನಮ್ಮಂಥವರ ಈ ಹುಚ್ಚು ಇಲ್ಲಿಗೆ ಬಂದ ಮೇಲೆ ಹತ್ತಿಕೊಳ್ಳುವುದು. ಈ ಪರೀಕ್ಷೆಯ ನಿಯಮಗಳ ಕೈಪಿಡಿ ಆಗಾಗ ಪರಿಷ್ಕರಣೆಯಾಗುತ್ತದೆ, ಎರಡು ವರ್ಷದ ಹಿಂದೆ ಮುದ್ರಿಸಿಟ್ಟ ಪ್ರತಿಯನ್ನು ಬಿಸಾಡಿ ಹೊಸದನ್ನು ಇಳಿಸಿಕೊಳ್ಳಿ. ತಾಕುವ ಅಂಚುಗಳಿಗೆ 2.5 ಮಿಲಿಮೀಟರ್ ತ್ರಿಜ್ಯದ ದುಂಡುತನ, 99 ಡೆಸಿಬೆಲ್‌ನ ಶಬ್ದಮಿತಿ, ತಿರುವಿನಿಂದ ತಾನಾಗಿ ನೇರಕ್ಕೆ ಮರಳುವ ಸ್ಟೀರಿಂಗ್ ಇವುಗಳಲ್ಲಿ ಹೆಚ್ಚಿನವರು ಎಡವುತ್ತಾರೆ. ಪರೀಕ್ಷೆಯ ದಿನ ದೀರ್ಘವಾಗಿರುತ್ತದೆ. ಕಾರನ್ನು ಟ್ರೇಲರಿನ ಮೇಲೆ ಒಯ್ಯಿರಿ, ಟ್ರೇಲರನ್ನು ಬೇರೆಯವರು ಓಡಿಸಲಿ.

ಮಾರುವ ವಿಷಯಕ್ಕೆ ಬಂದರೆ, ಮೇಲೆ ಹೇಳಿದ ಮರುಪರಿಶೀಲನೆಯ ಸುತ್ತು ಮುಗಿಯುವವರೆಗೆ ಆ ತೀರ್ಮಾನವನ್ನು ಮುಂದೂಡಿ. ಅರ್ಧ ಕಟ್ಟಿದ ಕಾರಿಗೆ ಅದರ ಬಿಡಿಭಾಗಗಳಿಗೆ ಸುರಿದ ಹಣ ಸಾಮಾನ್ಯವಾಗಿ ಹಿಂತಿರುಗುವುದಿಲ್ಲ, ಹೀಗಾಗಿ ಅವಸರದಿಂದ ಲಾಭವೇನೂ ಇಲ್ಲ. ಹಳದಿ ಗೆರೆಗಳಿರುವ ಕಾರಿಗೆ ಕೊಳ್ಳುವವರ ಬಳಿಯೂ ಹೆಚ್ಚಿನ ಬೆಲೆ ಇರುತ್ತದೆ. ಪೆಡಲ್ ಪರೀಕ್ಷೆಯಲ್ಲಿ ಪಾದ ಪದೇಪದೇ ತಪ್ಪುತ್ತಿದ್ದರೆ, ಬದಲಾವಣೆ ಮಾಡಿದ ಮೇಲೂ ಸರಿಹೋಗದಿದ್ದರೆ, ಮಾರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಆಗ ಚಾಸಿಸ್ ಕೊಂಡ ರಸೀದಿ, ಮಾಜ್ದಾದ ನೋಂದಣಿ ಪತ್ರ, ಕಟ್ಟುವಾಗ ತೆಗೆದ ಫೋಟೋಗಳು ಎಲ್ಲವನ್ನೂ ಒಂದು ಫೈಲಿನಲ್ಲಿ ಸೇರಿಸಿ ಕಾರಿನ ಜೊತೆಗೇ ಕೊಡಿ, ಏಕೆಂದರೆ ಇದು ಹವ್ಯಾಸಿ ಕಟ್ಟಿದ ಕಾರು ಎಂದು ತೋರಿಸಲು ಕೊಂಡವರಿಗೆ ಅವೆಲ್ಲ ಬೇಕಾಗುತ್ತವೆ.